ಅಪ್ಪಾ, ದಾರಿ ಎಲ್ಲಿ ಹೋತು?

ಭಾನುವಾರ ರಾತ್ರಿ ಒಂಬತ್ತೂವರೆ ಗಂಟೆಗೆ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಏನಾಗುತ್ತದೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಊಟ ಮುಗಿದಿರುತ್ತದೆ. ಹಾಸಿಗೆ ಹಾಸಿರುತ್ತದೆ. ಆಗ ಬಾಗಿಲ ಮರೆಯಿಂದ ಸಣ್ಣ ದನಿಯೊಂದು ಬರುತ್ತದೆ: 'ನಾಳೆ ಸಾಲಿಗೆ ಕೊಲಾಜ್ ಮಾಡ್ಕೊಂಡು ಬರ್ರಿ ಅಂದಾರ.'

ಅಲ್ಲಿಂದ ಮುಂದೆ ಮನೆ ಮಂದಿಗೆಲ್ಲ ನಿದ್ದೆಯಿಲ್ಲ. ಹಳೆಯ ವಾರಪತ್ರಿಕೆ, ಮದುವೆಯ ಕರೆಯೋಲೆ, ಕಳೆದ ವರ್ಷದ ಕ್ಯಾಲೆಂಡರ್, ಸೀರೆ ಅಂಗಡಿಯ ಜಾಹೀರಾತು ಎಲ್ಲವೂ ಹೊರಬರುತ್ತವೆ. ಕತ್ತರಿ ಸಿಕ್ಕರೆ ಅಂಟು ಸಿಗುವುದಿಲ್ಲ. ಅಂಟು ಸಿಕ್ಕರೆ ಅದರ ಬಾಯಿ ಒಣಗಿ ಕಲ್ಲಾಗಿರುತ್ತದೆ.

ಆದರೆ ಎರಡು ವರ್ಷದ ಹಿಂದಿನ ಆ ಭಾನುವಾರ ನಮ್ಮ ಮನೆಯಲ್ಲಿ ಹೀಗಾಗಲಿಲ್ಲ. ಆಗ ಏಳನೇ ತರಗತಿಯಲ್ಲಿದ್ದ ಮಗಳು ಮಧ್ಯಾಹ್ನವೇ ಕೆಲಸಕ್ಕೆ ಕೂತಿದ್ದಳು. ವಿಷಯ 'ನಮ್ಮೂರ ಸಂತೆ'. ಪುಸ್ತಕಕ್ಕೆ ಬೈಂಡು ಹಾಕುವ ಕಂದು ಕಾಗದವನ್ನು ರಟ್ಟಿಗೆ ಅಂಟಿಸಿ ಅದರ ಮೇಲೆ ಟೊಮೆಟೊ ರಾಶಿ, ಬಣ್ಣಬಣ್ಣದ ಛತ್ರಿಗಳು, ಬುಟ್ಟಿ ಹೊತ್ತ ಹೆಂಗಸರು, ಬಳೆ ಅಂಗಡಿ, ದೂರದಲ್ಲೊಂದು ಹುಣಸೆ ಮರ ಎಲ್ಲವನ್ನೂ ಜೋಡಿಸಿದ್ದಳು. ಎಂಟು ಗಂಟೆಗೆ ಎದ್ದು ಕೈತೊಳೆದು ಊಟ ಮಾಡಿ ಮಲಗಿಯೂ ಬಿಟ್ಟಳು.

ನಾನು ಹೋಗಿ ನೋಡಿದೆ. ಚೆನ್ನಾಗಿತ್ತು. ಆದರೆ ಹಾಳೆಯ ಎಡಗಡೆಯ ಕೆಳಮೂಲೆಯ ಹತ್ತಿರದಿಂದ ಹೊರಟು, ನಡುವೆ ಒಮ್ಮೆ ಬಳುಕಿ, ಮೇಲಿನ ಹುಣಸೆ ಮರದವರೆಗೆ ಒಂದು ಪಟ್ಟಿಯಷ್ಟು ಜಾಗ ಖಾಲಿ ಉಳಿದಿತ್ತು. ಬರೀ ಕಂದು ಕಾಗದ. ಪಾಪ, ನಿದ್ದೆ ಬಂದು ಅರ್ಧಕ್ಕೇ ಬಿಟ್ಟಿದ್ದಾಳೆ ಎಂದುಕೊಂಡೆ. ಅಪ್ಪನಾದವನು ಇಷ್ಟಾದರೂ ಸಹಾಯ ಮಾಡಬೇಡವೆ? ಹಳೆಯ ಪತ್ರಿಕೆಗಳಿಂದ ಒಂದು ಲಾರಿ, ಒಂದು ಎಮ್ಮೆ, ಒಡವೆ ಅಂಗಡಿಯ ಜಾಹೀರಾತಿನ ಒಂದು ನಗುಮುಖ ಕತ್ತರಿಸಿ ಖಾಲಿ ಜಾಗವನ್ನು ನೀಟಾಗಿ ತುಂಬಿಸಿದೆ. ಒಂದು ಬೆರಳಿನಷ್ಟು ಜಾಗವೂ ಉಳಿಯಲಿಲ್ಲ. ಸಮಾಧಾನದಿಂದ ಮಲಗಿದೆ.

ಬೆಳಿಗ್ಗೆ ಮಗಳು ಹಾಳೆಯ ಮುಂದೆ ಬಹಳ ಹೊತ್ತು ನಿಂತಳು. ಅಳಲಿಲ್ಲ. ಇಷ್ಟೇ ಕೇಳಿದಳು: 'ಅಪ್ಪಾ, ದಾರಿ ಎಲ್ಲಿ ಹೋತು? ಮಂದಿ ಎಲ್ಲಿಂದ ಅಡ್ಡಾಡಬೇಕು?'

ಈ ಲೇಖನ ಹುಟ್ಟಿದ್ದು ಆ ಪ್ರಶ್ನೆಯಿಂದ.

ಅಂಟಿಸುವುದೇ ಕೊಲಾಜ್ ಅಲ್ಲ

'ಕೊಲಾಜ್' ಎಂಬ ಮಾತು ಬಂದಿರುವುದು 'ಅಂಟಿಸು' ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ. ಕಾಗದ ಕತ್ತರಿಸಿ ಅಂಟಿಸುವ ಹವ್ಯಾಸ ಬಹಳ ಹಳೆಯದು. ಆದರೆ ಅದು ಆಧುನಿಕ ಚಿತ್ರಕಲೆಯ ಅಂಗಳಕ್ಕೆ ಕಾಲಿಟ್ಟಿದ್ದು 1912ರಲ್ಲಿ. ಆ ವರ್ಷ ಪ್ಯಾಬ್ಲೊ ಪಿಕಾಸೊ ಬೆತ್ತದ ಹೆಣಿಗೆಯ ಚಿತ್ರ ಅಚ್ಚಾಗಿದ್ದ ಮೇಣಗಪ್ಪಡದ ತುಂಡೊಂದನ್ನು ತನ್ನ ಕ್ಯಾನ್ವಾಸಿಗೆ ಅಂಟಿಸಿ, ಅಂಡಾಕಾರದ ಆ ಚಿತ್ರದ ಸುತ್ತ ಚೌಕಟ್ಟಿನ ಬದಲು ಹಗ್ಗ ಸುತ್ತಿದ. ಅದೇ ವರ್ಷ ಅವನ ಗೆಳೆಯ ಜಾರ್ಜ್ ಬ್ರಾಕ್ ಅವಿನ್ಯೋನ್ ಪಟ್ಟಣದ ಅಂಗಡಿಯೊಂದರಲ್ಲಿ ಮರದ ಗೆರೆಗಳನ್ನು ಅಚ್ಚು ಹಾಕಿದ ಗೋಡೆ ಕಾಗದ ಕಂಡು, ಅದನ್ನು ಕೊಂಡು ತಂದು, ಕತ್ತರಿಸಿ ತನ್ನ ಚಿತ್ರಕ್ಕೆ ಅಂಟಿಸಿದ. ಅಂಗಡಿಯ ಕಾಗದ ಚಿತ್ರವಾಯಿತು.

ಅಂದಿನಿಂದ ಇಂದಿನವರೆಗೆ ಕೊಲಾಜ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ನಮ್ಮ ಮನೆಗಳಲ್ಲಿ, ಕೆಲವೊಮ್ಮೆ ಶಾಲೆಗಳಲ್ಲಿಯೂ ಉಳಿದುಬಂದಿದೆ. 'ಚಿತ್ರ ಬರೆಯಲು ಬಾರದವರು ಅಂಟಿಸುತ್ತಾರೆ' ಎನ್ನುವುದು ಆ ತಿಳಿವಳಿಕೆ. ಹಾಳೆ ತುಂಬಿದರೆ ಕೆಲಸ ಮುಗಿಯಿತು! ನಾನು ಮಾಡಿದ್ದೂ ಅದನ್ನೇ. ತುಂಬಿದ ಹಾಳೆಗೂ ಒಳ್ಳೆಯ ಕೊಲಾಜಿಗೂ ಇರುವ ವ್ಯತ್ಯಾಸ ಗುಜರಿ ಅಂಗಡಿಗೂ ಹಬ್ಬದ ದಿನದ ಮನೆಗೂ ಇರುವ ವ್ಯತ್ಯಾಸದಂತೆ. ಎರಡರಲ್ಲೂ ಸಾಮಾನು ಬೇಕಾದಷ್ಟಿರುತ್ತದೆ. ಒಂದರಲ್ಲಿ ನಡೆಯಲು ದಾರಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ.

ಕಣ್ಣೂ ನಡೆಯುತ್ತದೆ

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಕೈಯನ್ನು ಪೂರ್ತಿ ಮುಂದೆ ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿಯಿರಿ. ನಮ್ಮ ಕಣ್ಣು ಒಂದು ಸಲಕ್ಕೆ ಅತ್ಯಂತ ಸ್ಪಷ್ಟವಾಗಿ ನೋಡಬಲ್ಲದ್ದು ಸುಮಾರು ಆ ಹೆಬ್ಬೆರಳಿನ ಅಗಲದಷ್ಟು ಜಾಗವನ್ನು ಮಾತ್ರ. ಉಳಿದದ್ದೆಲ್ಲ ಮಸುಕು. ಹಾಗಾದರೆ ಇಡೀ ಕೋಣೆ ನಮಗೆ ಸ್ಪಷ್ಟವಾಗಿ ಕಾಣುವುದು ಹೇಗೆ ಅಂತೀರಾ? ಕಣ್ಣು ಸುಮ್ಮನಿರುವುದಿಲ್ಲ. ಅದು ಸೆಕೆಂಡಿಗೆ ಮೂರು-ನಾಲ್ಕು ಸಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುತ್ತ, ಅಲ್ಲಲ್ಲಿ ಕ್ಷಣ ಹೊತ್ತು ನಿಲ್ಲುತ್ತ, ತುಂಡುತುಂಡಾಗಿ ನೋಡುತ್ತ ಹೋಗುತ್ತದೆ. ಆ ತುಂಡುಗಳನ್ನು ಒಟ್ಟುಗೂಡಿಸುವುದು ಮಿದುಳಿನ ಕೆಲಸ.

ರಷ್ಯದ ವಿಜ್ಞಾನಿ ಆಲ್‌ಫ್ರೆಡ್ ಯಾರ್ಬಸ್ ಕಣ್ಣಿನ ಈ ಜಿಗಿತಗಳನ್ನು ಗೆರೆಗಳಾಗಿ ದಾಖಲಿಸಿದ. ಅವನ ಪುಸ್ತಕ 1967ರಲ್ಲಿ ಇಂಗ್ಲಿಷಿಗೆ ಬಂತು. ಇಲ್ಯಾ ರೆಪಿನ್ ಬರೆದ ಒಂದು ಮನೆಯೊಳಗಿನ ದೃಶ್ಯವನ್ನು ತೋರಿಸಿ ಅವನು ಬೇರೆ ಬೇರೆ ಪ್ರಶ್ನೆ ಕೇಳಿದ. ಇವರೆಲ್ಲರ ವಯಸ್ಸೆಷ್ಟು ಎಂದಾಗ ನೋಡುವವನ ಕಣ್ಣು ಮುಖದಿಂದ ಮುಖಕ್ಕೆ ಓಡಿತು. ಈ ಮನೆಯವರ ಸ್ಥಿತಿಗತಿ ಹೇಗಿದೆ ಎಂದಾಗ ಬಟ್ಟೆಬರೆ, ಪೀಠೋಪಕರಣಗಳ ಕಡೆಗೆ ತಿರುಗಿತು. ಚಿತ್ರ ಒಂದೇ, ಕಣ್ಣು ನಡೆದ ದಾರಿ ಬೇರೆ.

ಅಂದರೆ ಚಿತ್ರ ನೋಡುವುದೆಂದರೆ ಒಂದು ರೀತಿಯ ನಡಿಗೆಯೇ. ಕೊಲಾಜ್ ಮಾಡುವವರು ಆ ನಡಿಗೆಗೆ ದಾರಿ ಹಾಕಿಕೊಡಬೇಕು. ಎಲ್ಲಿಂದ ಒಳಗೆ ಬರಬೇಕು, ಎಲ್ಲಿ ತಿರುಗಬೇಕು, ಎಲ್ಲಿ ನಿಂತು ಉಸಿರು ಬಿಡಬೇಕು ಎಂಬುದನ್ನು ಕಾಗದದ ತುಂಡುಗಳೇ ಹೇಳಬೇಕು. ಚಿತ್ರಕಲೆಯವರು ಇದನ್ನು ಚಲನೆ ಎನ್ನುತ್ತಾರೆ. ಆ ನಡಿಗೆಯ ಹೆಜ್ಜೆಗಳು ಒಂದು ಅಳತೆಗೆ ಬೀಳುತ್ತಿದ್ದರೆ ಅದು ಲಯ. ನನ್ನ ಮಗಳಿಗೆ ಈ ದೊಡ್ಡ ಮಾತುಗಳು ಗೊತ್ತಿರಲಿಲ್ಲ. ಸಂತೆಯಲ್ಲಿ ಜನ ಅಡ್ಡಾಡಬೇಕು ಎಂಬುದು ಮಾತ್ರ ಗೊತ್ತಿತ್ತು.

ಕತ್ತರಿ ಹಿಡಿದ ಮುದುಕ

ಕಾಗದದ ತುಂಡುಗಳಿಂದ ಚಲನೆ ಹುಟ್ಟಿಸುವುದನ್ನು ಕಲಿಯಬೇಕೆಂದರೆ ಆನ್ರಿ ಮಾತಿಸ್ ಎಂಬ ಫ್ರೆಂಚ್ ಕಲಾವಿದನ ಕೊನೆಯ ವರ್ಷಗಳನ್ನು ನೋಡಬೇಕು. 1869ರಲ್ಲಿ ಹುಟ್ಟಿದ ಮಾತಿಸ್ ಬೆಳೆದದ್ದು ಉತ್ತರ ಫ್ರಾನ್ಸಿನ ಬೊಏನ್ ಎಂಬ ನೇಕಾರರ ಊರಿನಲ್ಲಿ. ಜೀವನವಿಡೀ ಬಟ್ಟೆಗಳನ್ನು ಸಂಗ್ರಹಿಸಿದ ಮನುಷ್ಯ. 1930ರ ದಶಕದ ಆರಂಭದಲ್ಲಿ ಅಮೆರಿಕದ ಬಾರ್ನ್ಸ್ ಸಂಸ್ಥೆಗಾಗಿ 'ನೃತ್ಯ' ಎಂಬ ಭಾರೀ ಭಿತ್ತಿಚಿತ್ರ ಮಾಡುವಾಗ ಅವನಿಗೊಂದು ತೊಂದರೆ ಎದುರಾಯಿತು. ಕುಣಿಯುವ ದೇಹಗಳ ಜಾಗವನ್ನು ಎಷ್ಟು ಸಲ ಅಳಿಸಿ ಬರೆಯುವುದು? ಅದಕ್ಕೆ ಅವನು ಬಣ್ಣದ ಕಾಗದ ಕತ್ತರಿಸಿ, ಮೇಲೆ ಕೆಳಗೆ ಸರಿಸಿ ನೋಡತೊಡಗಿದ. ಬಣ್ಣ ಬಳಿದ ಮೇಲೆ ಸರಿಸಲಾಗದು, ಕಾಗದವನ್ನು ಸರಿಸಬಹುದು. ಕೊಲಾಜಿನ ಮುಖ್ಯ ಗುಟ್ಟು ಇದೇ.

1941ರಲ್ಲಿ ಅವನಿಗೆ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು. ಆದರೆ ಚಿತ್ರಫಲಕದ ಮುಂದೆ ಗಂಟೆಗಟ್ಟಲೆ ನಿಲ್ಲುವ ಶಕ್ತಿ ಹೋಯಿತು. ಮುಂದಿನ ವರ್ಷಗಳನ್ನು ಬಹುಮಟ್ಟಿಗೆ ಹಾಸಿಗೆಯಲ್ಲಿ, ಗಾಲಿಕುರ್ಚಿಯಲ್ಲಿ ಕಳೆದ. ಬೇರೆ ಯಾರಾದರೂ ಆಗಿದ್ದರೆ 'ಸಾಕು, ಬೇಕಾದಷ್ಟು ಮಾಡಿದೆ' ಎಂದು ಸುಮ್ಮನಾಗುತ್ತಿದ್ದರು. ಮಾತಿಸ್ ಕತ್ತರಿ ಕೈಗೆತ್ತಿಕೊಂಡ. ಸಹಾಯಕರು ಬಿಳಿ ಕಾಗದಕ್ಕೆ ಗುವಾಶ್ ಎಂಬ ದಪ್ಪ ಜಲವರ್ಣ ಬಳಿದು ಒಣಗಿಸಿ ಕೊಡುತ್ತಿದ್ದರು. ಇವನು ಕೂತಲ್ಲಿಯೇ ಎಲೆ, ಹಕ್ಕಿ, ಈಜುವ ದೇಹಗಳನ್ನು ಕತ್ತರಿಸುತ್ತಿದ್ದ. ಆಮೇಲೆ? ಅಂಟಿಸುತ್ತಿರಲಿಲ್ಲ! ಸಹಾಯಕರು ಆ ತುಂಡುಗಳನ್ನು ಗೋಡೆಗೆ ಗುಂಡುಸೂಜಿಯಿಂದ ಚುಚ್ಚುತ್ತಿದ್ದರು. 'ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ ಮೇಲಕ್ಕೆ' ಎಂಬಂತೆ ಹೇಳಿ ಹೇಳಿ ಸರಿಸುವುದು ದಿನಗಟ್ಟಲೆ ನಡೆಯುತ್ತಿತ್ತು. ಕಣ್ಣಿಗೆ ದಾರಿ ಸರಿಹೋದ ಮೇಲೆ, ಎಲ್ಲಕ್ಕಿಂತ ಕೊನೆಗೆ, ಅಂಟಿನ ಸರದಿ. ಆ ಕಾಗದಗಳ ಮೇಲೆ ಸೂಜಿಯ ಸಣ್ಣ ತೂತುಗಳು ಇಂದಿಗೂ ಇವೆ.

1947ರಲ್ಲಿ ಅವನ ಇಪ್ಪತ್ತು ಇಂಥ ಚಿತ್ರಗಳಿರುವ ಪುಸ್ತಕ ಹೊರಬಂತು. ಅದರ ಹೆಸರೇ ಸಂಗೀತದ್ದು: 'ಜಾಝ್'. 1953ರಲ್ಲಿ, ಸಾಯುವ ಹಿಂದಿನ ವರ್ಷ, 'ಬಸವನಹುಳು' ಎಂಬ ಚಿತ್ರ ಮಾಡಿದ. ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ ಅದು ಸುಮಾರು ಒಂಬತ್ತೂವರೆ ಅಡಿ ಉದ್ದ, ಅಷ್ಟೇ ಅಗಲ. ಅದರಲ್ಲಿ ಹುಳುವಿನ ಕೊಂಬಿಲ್ಲ, ಕಣ್ಣಿಲ್ಲ. ಒರಟಾಗಿ ಕತ್ತರಿಸಿದ ಕೆಲವೇ ಬಣ್ಣದ ತುಂಡುಗಳು ಚಿಪ್ಪಿನ ಸುರುಳಿಯಂತೆ ಸುತ್ತುತ್ತವೆ. ಹಸಿರು-ಕೆಂಪು, ನೀಲಿ-ಕಿತ್ತಳೆ ಹೀಗೆ ಒಂದಕ್ಕೊಂದು ಎದುರಾಗುವ ಬಣ್ಣಗಳು ಜೋಡಿಯಾಗಿ ಬಂದು ಕಣ್ಣನ್ನು ಮುಂದಿನ ತುಂಡಿಗೆ ದೂಡುತ್ತವೆ. ನಡುನಡುವೆ ಬಿಳಿಯ ಜಾಗ. ನೋಡುವ ಕಣ್ಣು ಸುತ್ತತೊಡಗಿದಾಗ ಬಸವನಹುಳು ಕಾಣುತ್ತದೆ.

ತಾಳ ಹಾಕಿ ನೋಡಿ

ಲಯವೆಂದರೇನು ಎಂದು ಮಕ್ಕಳಿಗೆ ತಿಳಿಸಲು ಮಾತಿಸನವರೆಗೆ ಹೋಗಬೇಕಾಗಿಲ್ಲ. ಪಕ್ಕದ ಮನೆಯಲ್ಲಿ ಸಂಗೀತ ಪಾಠ ನಡೆಯುತ್ತಿದ್ದರೆ ಕಿಟಕಿಯಿಂದ ನೋಡಿದರೂ ಸಾಕು. ಆದಿತಾಳದ ಎಂಟು ಎಣಿಕೆಯಲ್ಲಿ ಮೊದಲು ಒಂದು ಪೆಟ್ಟು, ಆಮೇಲೆ ಮೂರು ಬೆರಳೆಣಿಕೆ. ಮತ್ತೆ ಒಂದು ಪೆಟ್ಟು, ಒಂದು ಹುಸಿ. ಇನ್ನೊಮ್ಮೆ ಪೆಟ್ಟು, ಇನ್ನೊಮ್ಮೆ ಹುಸಿ. ಎಂಟರಲ್ಲಿ ಜೋರಾಗಿ ಕೇಳಿಸುವ ಪೆಟ್ಟುಗಳು ಮೂರೇ. ಉಳಿದ ಐದು ಎಣಿಕೆ ಸದ್ದಿಲ್ಲದೆ ಸಾಗುತ್ತವೆ. ಹುಸಿಯಲ್ಲಿ ಕೈ ಬರಿದೆ ಗಾಳಿಯಲ್ಲಿ ತಿರುಗುತ್ತದೆ. ಹಾಗೆಂದು ಅದನ್ನು ಬಿಟ್ಟರೆ ತಾಳ ತಪ್ಪುತ್ತದೆ. ಎಂಟಕ್ಕೆ ಎಂಟೂ ಪೆಟ್ಟು ಹೊಡೆದರೆ ಅದು ತಾಳವಲ್ಲ, ಬಾಗಿಲು ಬಡಿದಂತೆ.

ಕೊಲಾಜಿನಲ್ಲಿ ಎದ್ದುಕಾಣುವ ಆಕಾರವೇ ಪೆಟ್ಟು. ಅದೇ ಆಕಾರದ ಸಣ್ಣ, ಮಂಕಾದ ರೂಪಗಳು ಬೆರಳೆಣಿಕೆ. ಖಾಲಿ ಬಿಟ್ಟ ಜಾಗ ಹುಸಿ. ಮಗಳ ಚಿತ್ರದಲ್ಲಿದ್ದ ಹುಸಿಯ ಮೇಲೆ ನಾನು ಲಾರಿ ಹತ್ತಿಸಿದ್ದೆ.

ಚಿತ್ರದ ಲಯವನ್ನು ದೇಹದಿಂದಲೇ ಕಲಿಯಲು ಹೊರಟ ಹಿರಿಯರು ನಮ್ಮಲ್ಲಿ ಇದ್ದರು. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕಲಾವಿದ ಕೆ.ಕೆ. ಹೆಬ್ಬಾರರು ಲಯವನ್ನು ಅರಿಯಬೇಕೆಂದು ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದರು. ಅವರ ರೇಖಾಚಿತ್ರಗಳಲ್ಲಿ ನಾಲ್ಕಾರು ಗೆರೆಗಳಲ್ಲೇ ನರ್ತಕಿ ತಿರುಗುವುದು ಕಾಣಿಸುತ್ತದೆ. ಅವರು ಕೊಲಾಜಿನಿಂದ ಹೆಸರಾದವರಲ್ಲ, ನಿಜ. ಆದರೆ ಗೆರೆಗಾಗಲಿ ಕಾಗದಕ್ಕಾಗಲಿ ಲಯದ ಪಾಠ ಒಂದೇ.

ಅವ್ವನ ಕೌದಿ

ಆ ಸೋಮವಾರ ಬೆಳಿಗ್ಗೆ ನನ್ನ ಪರವಾಗಿ ಯಾರಾದರೂ ಮಾತಾಡಿಯಾರೆಂದು ಅವ್ವನ ಕಡೆ ನೋಡಿದೆ. ಅವ್ವ ಹಾಳೆಯನ್ನು ದೂರ ಹಿಡಿದು ನೋಡಿ, 'ಹಾಸಿ ನೋಡದ ಸೂಜಿ ಹಾಕಿದ್ಯೇನಪಾ?' ಎಂದಳು. ಕೌದಿ ಹೊಲಿದ ಕೈಯಲ್ಲವೆ ಅದು!

ಕೌದಿಯನ್ನು ಬಲ್ಲವರಿಗೆ ಆ ಮಾತಿನ ಅರ್ಥ ಹೇಳಬೇಕಾಗಿಲ್ಲ. ಹಳೆಯ ಸೀರೆ, ಧೋತರ, ಹರಿದ ಅಂಗಿ, ಕುಬಸದ ಖಣ ಎಲ್ಲದರ ತುಂಡುಗಳನ್ನು ಮೊದಲು ನೆಲದ ಮೇಲೆ ಹಾಸಿ ನೋಡುತ್ತಾರೆ. ಕೆಂಪಿನ ಪಕ್ಕ ಕೆಂಪು ಬಂದರೆ ಒಂದನ್ನು ಎತ್ತಿ ಆಚೆ ಇಡುತ್ತಾರೆ. ಕಪ್ಪು ಒಂದೇ ಕಡೆ ಗುಂಪಾದರೆ ಬಿಡಿಸುತ್ತಾರೆ. ಆಮೇಲೆ ಸೂಜಿ-ದಾರ. ಸಾಲುಸಾಲಾಗಿ ಬೀಳುವ ಸಣ್ಣ ಹೊಲಿಗೆಗಳು ಇಡೀ ಕೌದಿಯ ಮೇಲೆ ಗೆರೆ ಎಳೆದು ಬೇರೆ ಬೇರೆ ಬಟ್ಟೆಗಳನ್ನು ಒಂದೇ ಅಲೆಯೊಳಗೆ ತರುತ್ತವೆ. ಬಟ್ಟೆಯ ಕೊಲಾಜ್ ಎಂದರೆ ತಪ್ಪಾಗಲಾರದು.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಜನಾಂಗದ ಹೆಣ್ಣುಮಕ್ಕಳ ಕೌದಿಯಲ್ಲಿ ಈ ಚಲನೆ ಇನ್ನೂ ಸ್ಪಷ್ಟ. ಅವರು ಒಂದು ಮೂಲೆಯಿಂದ ಆರಂಭಿಸಿ, ಅಂಚಿನುದ್ದಕ್ಕೂ ತುಂಡುಗಳನ್ನು ಸೇರಿಸುತ್ತ, ಸುತ್ತು ಹಾಕಿಕೊಂಡು ನಡುವಿನ ಕಡೆಗೆ ಬರುತ್ತಾರೆ. ಹೊಲಿಗೆಯ ಸಾಲೂ ಸುತ್ತುತ್ತ ಒಳಗೆ ಸರಿಯುತ್ತದೆ. ನೋಡುವವರ ಕಣ್ಣು ಅದರ ಹಿಂದೆಯೇ ಹೋಗುತ್ತದೆ. ಕೊನೆಗೆ ಮೂಲೆಗಳಿಗೆ ಮಡಿಚಿದ ಸಣ್ಣ ಬಟ್ಟೆಯ 'ಫುಲ', ಅಂದರೆ ಹೂವು, ಇಡುತ್ತಾರೆ. ಅದಿಲ್ಲದಿದ್ದರೆ ಕೌದಿ ಪೂರ್ತಿಯಾದಂತೆ ಅಲ್ಲ. ಕಣ್ಣು ಜಾರಿಹೋಗುವ ಮೂಲೆಗೆ ಒಂದು ಹೂವು ಇಟ್ಟು ತಡೆಯುವ ಈ ಜಾಣ್ಮೆಯನ್ನು ಅವರಿಗೆ ಯಾವ ಕಲಾಶಾಲೆಯೂ ಕಲಿಸಿದ್ದಲ್ಲ.

ಕಣ್ಣಿಲ್ಲದೆಯೂ ಕಂಡವರು

ಇನ್ನೊಬ್ಬರನ್ನು ಇಲ್ಲಿ ನೆನೆಯಲೇಬೇಕು. ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿ 1904ರಲ್ಲಿ ಹುಟ್ಟುವಾಗಲೇ ದೃಷ್ಟಿದೋಷವಿದ್ದವರು. ಅಂಥ ಕಣ್ಣಿನಲ್ಲೇ 1946-47ರಲ್ಲಿ ಅಲ್ಲಿನ ಹಿಂದಿ ಭವನದ ಗೋಡೆಗಳ ಮೇಲೆ ಮಧ್ಯಯುಗದ ಸಂತರ ಬದುಕನ್ನು ನದಿ ಹರಿದಂತೆ ಚಿತ್ರಿಸಿದರು. ಐವತ್ತರ ದಶಕದಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಫಲಿಸದೆ ದೃಷ್ಟಿ ಪೂರ್ತಿ ಹೋಯಿತು. ಆಮೇಲೆ ಅವರು ಮಾಡಿದ ಕೆಲಸಗಳಲ್ಲಿ ಕಾಗದದ ಕೊಲಾಜ್ ಮುಖ್ಯವಾದದ್ದು. ಕತ್ತರಿಸಿದ ಕಾಗದದ ಅಂಚು ಬೆರಳಿಗೆ ಸಿಗುತ್ತದೆ. ಒಂದು ತುಂಡಿನಿಂದ ಇನ್ನೊಂದಕ್ಕೆ ಎಷ್ಟು ದೂರ ಎಂಬುದನ್ನು ಕೈ ಅಳೆಯಬಲ್ಲದು. ಅವರ ಶಿಷ್ಯರಾಗಿದ್ದ ಸತ್ಯಜಿತ್ ರಾಯ್ 1972ರಲ್ಲಿ ಅವರ ಬಗ್ಗೆ 'ಒಳಗಣ್ಣು' ಎಂಬ ಅರ್ಥದ ಹೆಸರಿನ ಸಾಕ್ಷ್ಯಚಿತ್ರವನ್ನೇ ತೆಗೆದರು. 'ನನಗೆ ಚಿತ್ರ ಬರೋದಿಲ್ಲ' ಎನ್ನುವ ಮಕ್ಕಳಿಗೆ ಈ ಕಥೆ ಹೇಳಬೇಕು. ಕುಂಚ ಹಿಡಿಯಲು ನಾಚುವ ಕೈಗೂ ಕಾಗದ ಒಲಿಯುತ್ತದೆ.

ಮಕ್ಕಳೇ, ಹೀಗೆ ಮಾಡಿ ನೋಡಿ

ಮೊದಲು ದಾರಿ, ಆಮೇಲೆ ಚಿತ್ರ. ಸಣ್ಣ ಚೀಟಿಯ ಮೇಲೆ ಒಂದೇ ಗೆರೆಯಲ್ಲಿ ನಿಮ್ಮ ಚಿತ್ರದ ದಾರಿ ಬರೆಯಿರಿ. ಸಂತೆಗೆ ಬಳುಕುವ ಗೆರೆ, ಮಳೆಗೆ ಓರೆ ಗೆರೆಗಳು, ಕೆರೆಗೆ ಅಡ್ಡ ಪಟ್ಟಿಗಳು, ಜಾತ್ರೆಯ ತೊಟ್ಟಿಲಿಗೆ ಸುರುಳಿ. ವಿಷಯವೇ ಗೆರೆಯನ್ನು ಹೇಳಿಕೊಡುತ್ತದೆ.

ಬೇಕಾದದ್ದಕ್ಕಿಂತ ಹೆಚ್ಚು ತುಂಡುಗಳನ್ನು ಕತ್ತರಿಸಿಟ್ಟುಕೊಳ್ಳಿ. ಹತ್ತೇ ತುಂಡುಗಳಿದ್ದರೆ ಹತ್ತನ್ನೂ ಅಂಟಿಸುವ ಆಸೆಯಾಗುತ್ತದೆ. ಮೂವತ್ತಿದ್ದರೆ ಆರಿಸಬಹುದು.

ಒಂದು ಆಕಾರವನ್ನು ಕನಿಷ್ಠ ಮೂರು ಸಲ ತನ್ನಿ, ಆದರೆ ಮೂರನ್ನೂ ಒಂದೇ ಅಳತೆಯಲ್ಲಿ ಬೇಡ. ದೊಡ್ಡ ಛತ್ರಿ, ಆಮೇಲೆ ನಡುವಿನದು, ಆಮೇಲೆ ಸಣ್ಣದು. ಕಣ್ಣು ತಾನಾಗಿಯೇ ದೊಡ್ಡದರಿಂದ ಸಣ್ಣದಕ್ಕೆ ಸಾಗಿ ದೂರ ಹೋದಂತೆ ಅನಿಸುತ್ತದೆ. ಅವುಗಳ ನಡುವಿನ ಅಂತರವೂ ಒಂದೇ ಆಗಿರಬೇಕಾಗಿಲ್ಲ. ಒಂದೇ ಅಂತರವಾದರೆ ಕಬ್ಬಿಣದ ಬೇಲಿ ಇದ್ದಂತೆ ಕಾಣುತ್ತದೆ.

ಬಣ್ಣಕ್ಕೂ ಮರುದನಿ ಬೇಕು. ಎಡಗಡೆ ಒಂದು ಕೆಂಪು ಬಂದರೆ ಬಲಗಡೆ ಮೇಲೆ ಒಂದು ಚೂರು, ಕೆಳಗೆ ಇನ್ನೊಂದು ಚೂರು ಕೆಂಪು ಬರಲಿ. ಕಣ್ಣು ಆ ಮೂರನ್ನೂ ಕೂಡಿಸಿಕೊಂಡು ತಿರುಗುತ್ತದೆ. ಒಂಟಿ ಕೆಂಪಿದ್ದರೆ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಮುಖಗಳ ಬಗ್ಗೆ ಎಚ್ಚರ. ಹಾಳೆಯಲ್ಲಿ ಎಲ್ಲಿ ಮುಖವಿದ್ದರೂ ನಮ್ಮ ಕಣ್ಣು ಮೊದಲು ಅಲ್ಲಿಗೆ ಹೋಗುತ್ತದೆ. ಆ ಮುಖ ಎತ್ತ ನೋಡುತ್ತಿದೆಯೋ ಅತ್ತ ನಾವೂ ನೋಡುತ್ತೇವೆ. ಅಂಚಿನಲ್ಲಿರುವ ಮುಖ ಹೊರಗೆ ನೋಡುತ್ತಿದ್ದರೆ ನೋಡುವವರೂ ಚಿತ್ರದಿಂದ ಹೊರಗೆ! ಅದನ್ನು ಒಳಮುಖ ಮಾಡಿ. ಬಸ್ಸು, ಬಂಡಿ, ಹಕ್ಕಿಗಳಿಗೂ ಇದೇ ಮಾತು.

ಎಲ್ಲವನ್ನೂ ಬಿಡಿಬಿಡಿಯಾಗಿ ಇಡಬೇಡಿ. ಒಂದರ ಅಂಚು ಇನ್ನೊಂದರ ಮೇಲೆ ಸ್ವಲ್ಪ ಏರಿದರೆ ಕಣ್ಣಿಗೆ ಸೇತುವೆ ಸಿಗುತ್ತದೆ. ಹಾಗೆಯೇ ಒಂದಾದರೂ ದೊಡ್ಡ ಖಾಲಿ ಜಾಗ ಉಳಿಯಲಿ. ಅದು ಸೋಮಾರಿತನವಲ್ಲ ಎಂದು ಮನೆಯವರಿಗೆ ಮೊದಲೇ ಹೇಳಿಡಿ.

ಜೋಡಿಸಿದ ಮೇಲೆ ಅಂಟು ಮುಟ್ಟುವ ಮೊದಲು ಮೂರು ಪರೀಕ್ಷೆ. ಕಣ್ಣು ಅರ್ಧ ಮುಚ್ಚಿ ನೋಡಿ. ವಿವರ ಮಾಯವಾಗಿ ಕಪ್ಪು-ಬಿಳುಪಿನ ಗುಂಪುಗಳು ಮಾತ್ರ ಉಳಿಯುತ್ತವೆ, ದಾರಿ ಇದೆಯೋ ಇಲ್ಲವೋ ತಿಳಿಯುತ್ತದೆ. ಇನ್ನೊಂದು ಬದಿಗೆ ಹೋಗಿ ಚಿತ್ರವನ್ನು ತಲೆಕೆಳಗಾಗಿ ನೋಡಿ. ಮನೆಯಲ್ಲಿ ಮೊಬೈಲ್ ಇದ್ದರೆ ಕಪ್ಪು-ಬಿಳುಪಿನಲ್ಲಿ ಒಂದು ಫೋಟೊ ತೆಗೆಯಿರಿ. ತುಂಡುಗಳನ್ನು ಬೇರೆ ರೀತಿಯಲ್ಲಿ ಜೋಡಿಸಿ ಇನ್ನೊಂದು, ಮತ್ತೊಂದು ತೆಗೆಯಿರಿ. ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದು ನಡೆಯುತ್ತದೆ, ಯಾವುದು ಕುಂಟುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ. ಮಾತಿಸನ ಗುಂಡುಸೂಜಿ ಮಾಡುತ್ತಿದ್ದ ಕೆಲಸ ಇದೇ.

ಕಾಗದದ ಗುಣ

ಕತ್ತರಿಯ ಅಂಚು ಚೂಪು, ಹರಿದ ಅಂಚು ಮೆದು. ಕಟ್ಟಡ, ಯಂತ್ರಗಳಿಗೆ ಕತ್ತರಿ ಚೆನ್ನ. ಮೋಡ, ಗುಡ್ಡ, ನೀರಿಗೆ ಹರಿದದ್ದೇ ಚೆನ್ನ. ದಿನಪತ್ರಿಕೆಯ ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಹರಿದರೆ ಸಾಮಾನ್ಯವಾಗಿ ನೇರ ಪಟ್ಟಿ ಬರುತ್ತದೆ. ಅಡ್ಡಕ್ಕೆ ಹರಿದರೆ ಅಂಕುಡೊಂಕಾಗುತ್ತದೆ. ಕಾಗದ ತಯಾರಾಗುವಾಗ ಅದರ ನಾರುಗಳು ಯಂತ್ರ ಸಾಗುವ ದಿಕ್ಕಿಗೆ ಮಲಗುವುದೇ ಇದಕ್ಕೆ ಕಾರಣ. ನೇರ ಲಯ ಬೇಕೋ ಒರಟು ಲಯ ಬೇಕೋ, ಹರಿಯುವ ದಿಕ್ಕಿನಲ್ಲೇ ನಿರ್ಧಾರವಾಗುತ್ತದೆ. ಬಣ್ಣದ ಪುಟವನ್ನು ಹರಿದಾಗ ಅಂಚಿನಲ್ಲಿ ಮೂಡುವ ಬಿಳಿ ಗೆರೆಯನ್ನೂ ಅಲೆಯ ನೊರೆಯಾಗಿ ಬಳಸಬಹುದು.

ಮೈದಾ ಹಿಟ್ಟಿನ ಅಂಟು ಅಗ್ಗ, ಮನೆಯಲ್ಲೇ ಆಗುತ್ತದೆ. ಆದರೆ ನೀರಾದರೆ ಕಾಗದ ಮುದುಡುತ್ತದೆ, ಹುಳುವೂ ಬರುತ್ತದೆ. ಅಂಟು ಯಾವುದಾದರೂ ತೆಳ್ಳಗೆ ಹಚ್ಚಿ, ನಡುವಿನಿಂದ ಅಂಚಿನ ಕಡೆಗೆ ಬಟ್ಟೆಯಿಂದ ಒತ್ತಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಇಟ್ಟು ದಪ್ಪ ಪುಸ್ತಕಗಳ ಅಡಿಯಲ್ಲಿ ಒಂದು ರಾತ್ರಿ ಬಿಡಿ. ಹಿಂದಿನ ತುಂಡುಗಳನ್ನು ಮೊದಲು, ಮುಂದಿನವನ್ನು ಆಮೇಲೆ ಅಂಟಿಸಿ. ಬಹಳ ವರ್ಷ ಉಳಿಯಬೇಕಾದ ಚಿತ್ರಕ್ಕೆ ದಿನಪತ್ರಿಕೆಯ ಕಾಗದ ಬೇಡ. ಅದರಲ್ಲಿರುವ ಮರದ ಅಂಶ ಬೆಳಕಿಗೆ ಬೇಗ ಹಳದಿಯಾಗುತ್ತದೆ.

ಅಪ್ಪ-ಅಮ್ಮಂದಿರಿಗೆ ಒಂದು ಮಾತು

ನಮ್ಮ ಮಕ್ಕಳಿಗೆ ಅಂಕ ಕಡಿಮೆಯಾದೀತೆಂಬ ಭಯ ನಮಗೆ. ಆ ಭಯದಲ್ಲಿ ರಾತ್ರಿ ಹನ್ನೊಂದಕ್ಕೆ ಕತ್ತರಿ ನಮ್ಮ ಕೈಗೆ ಬರುತ್ತದೆ. ಮರುದಿನ ತರಗತಿಯ ಗೋಡೆಯ ಮೇಲೆ ಅಪ್ಪ-ಅಮ್ಮಂದಿರ ಪ್ರದರ್ಶನ! ಮಗು ಅದರಿಂದ ಕಲಿಯುವುದು ಒಂದನ್ನೇ, ತಾನು ಬಿಟ್ಟದ್ದೆಲ್ಲ ತಪ್ಪು ಎಂಬುದನ್ನು. ಸಹಾಯ ಮಾಡಬಾರದೆಂದಲ್ಲ. ಹಳೆಯ ಪತ್ರಿಕೆಗಳನ್ನು ರದ್ದಿಯವನಿಗೆ ಹಾಕದೆ ಎತ್ತಿಡಿ. ಅಂಟು ಕಾಯಿಸಿ ಕೊಡಿ. ಚೂಪು ಕತ್ತರಿಯ ಕೆಲಸವಿದ್ದರೆ ಪಕ್ಕದಲ್ಲಿ ಕೂಡಿ. ಚಿತ್ರ ನೋಡಿದಾಗ 'ಇದೇನು?' ಎನ್ನುವ ಬದಲು 'ನಾನು ಎಲ್ಲಿಂದ ನೋಡಲು ಶುರು ಮಾಡಲಿ?' ಎಂದು ಕೇಳಿ. ಮಗು ಬೆರಳಿಟ್ಟು ದಾರಿ ತೋರಿಸುತ್ತದೆ. ತೋರಿಸಲಾಗದಿದ್ದರೆ ಎಲ್ಲಿ ಸರಿಸಬೇಕೆಂಬುದು ಅದಕ್ಕೇ ಹೊಳೆಯುತ್ತದೆ.

ನಾನು ಆ ರಾತ್ರಿ ಕೇಳಲಿಲ್ಲ. ಮಲಗಿದ್ದ ಮಗುವನ್ನು ಎಬ್ಬಿಸುವುದು ಬೇಡವೆಂದಲ್ಲ, ಕೇಳಬೇಕೆಂದೇ ಹೊಳೆಯಲಿಲ್ಲ.

ಸೋಮವಾರ ಶಾಲೆಯ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಮಗಳು ಉಳಿದಿದ್ದ ಕಂದು ಕಾಗದವನ್ನು ತಂದಳು. ಕತ್ತರಿ ಹುಡುಕುವಷ್ಟು ಹೊತ್ತಿರಲಿಲ್ಲ, ಕೈಯಿಂದಲೇ ಉದ್ದಕ್ಕೆ ಹರಿದಳು. ಹರಿದ ಪಟ್ಟಿಯನ್ನು ನನ್ನ ಲಾರಿ, ಎಮ್ಮೆ, ನಗುಮುಖಗಳ ಮೇಲೆ ಹಾಸಿದಳು, ಒಮ್ಮೆ ಎಡಕ್ಕೆ ಸರಿಸಿದಳು, ಒಮ್ಮೆ ಅವ್ವನ ಮುಖ ನೋಡಿದಳು, ಆಮೇಲೆ ಅಂಟಿಸಿದಳು. ಮತ್ತೆ ದಾರಿಯಾಯಿತು. ಹರಿದ ಅಂಚಿನಿಂದಾಗಿ ಮೊದಲಿನದಕ್ಕಿಂತ ಹೆಚ್ಚು ಧೂಳಿನ ದಾರಿಯಂತೆಯೇ ಕಂಡಿತು. ಎಮ್ಮೆಯ ಬಾಲ ಮಾತ್ರ ಒಂದು ಕಡೆ ಹೊರಗೆ ಉಳಿದಿತ್ತು. ಅದನ್ನೂ ಮುಚ್ಚೋಣವೇ ಎಂದು ಕೇಳಿದೆ.

'ಬ್ಯಾಡ ಇರ್ಲಿ ಅಪ್ಪಾ,' ಎಂದಳು. 'ಎಮ್ಮಿ ಈಗಷ್ಟ ದಾಟಿ ಹೋಗೇದ ಅಂತ ಅನಸ್ತದ.'

ಆ ಕೊಲಾಜಿಗೆ ಬಹುಮಾನವೇನೂ ಬರಲಿಲ್ಲ. ಈಗ ಅದು ಅವ್ವನ ಕೋಣೆಯ ಗೋಡೆಯ ಮೇಲಿದೆ. ಮನೆಗೆ ಬಂದವರು ಎಡಗಡೆಯ ಕೆಳಮೂಲೆಯಿಂದ ನೋಡಲು ಶುರು ಮಾಡುತ್ತಾರೆ, ಹುಣಸೆ ಮರದವರೆಗೆ ಹೋಗುತ್ತಾರೆ. ಅಲ್ಲಿಂದ ತಿರುಗಿ ಬರುವಾಗ ಬಹಳ ಮಂದಿ ಎಮ್ಮೆಯ ಬಾಲದ ಹತ್ತಿರ ನಿಂತು, ಇದೇನು ಎಂದು ಕೇಳುತ್ತಾರೆ.